ಗಣೇಶನಿಗೆ 12 ವೋಲ್ಟ್ ಪ್ರಭಾವಳಿ: ಎಲ್‌ಇಡಿ ಬೋರ್ಡ್ ಮನೆಯಲ್ಲೇ ಮಾಡುವುದು ಹೇಗೆ

ಗೌರಿ ಹಬ್ಬ ಹತ್ತಿರ ಬಂತು ಅಂದರೆ ಕೋಲಾರದ ಅಂಗಡಿಗಳ ಮುಂದೆ ಸೀರಿಯಲ್ ಸೆಟ್‌ಗಳು ಗೊಂಚಲು ಗೊಂಚಲಾಗಿ ನೇತಾಡುತ್ತವೆ. ತಂದು ಪ್ಲಗ್ಗಿಗೆ ಹಾಕಿದರೆ ಉರಿಯುತ್ತದೆ. ಮುಂದಿನ ವರ್ಷ ಡಬ್ಬದಿಂದ ತೆಗೆದರೆ ಅರ್ಧ ಉರಿಯುವುದಿಲ್ಲ, ಬಿಸಾಡಿ ಹೊಸದು ತರುತ್ತೇವೆ. ದುಡ್ಡಿನ ಮಾತು ಹಾಗಿರಲಿ, ನನಗೆ ಜಾಸ್ತಿ ಚಿಂತೆ ಇನ್ನೊಂದು ವಿಷಯಕ್ಕೆ. ಅಗ್ಗದ ಸೆಟ್‌ಗಳಲ್ಲಿ ಬಹಳಷ್ಟು ನೇರವಾಗಿ ಮನೆಯ 230 ವೋಲ್ಟ್ ಮೇಲೇ ಓಡುತ್ತವೆ, ಮಧ್ಯೆ ಟ್ರಾನ್ಸ್‌ಫಾರ್ಮರ್ ಅನ್ನುವುದೇ ಇರುವುದಿಲ್ಲ. ಆ ತೆಳು ವೈರಿನ ಸಿಪ್ಪೆ ಎಲ್ಲಾದರೂ ಕಿತ್ತಿದ್ದರೆ ಅಲ್ಲಿ ಶಾಕ್ ಗ್ಯಾರಂಟಿ. ಅದನ್ನೇ ನಾವು ಒದ್ದೆ ಬಾಳೆ ಕಂದಿಗೆ, ಮಾವಿನ ತೋರಣಕ್ಕೆ ಸುತ್ತುತ್ತೇವೆ, ಪಕ್ಕದಲ್ಲೇ ಮಕ್ಕಳು ಕೂತು ಹೂವು ಜೋಡಿಸುತ್ತಿರುತ್ತಾರೆ.

ಇಲ್ಲಿ ಹೇಳಿಕೊಡುವ ಬೋರ್ಡಿನಲ್ಲಿ 12 ವೋಲ್ಟ್ ಡಿ.ಸಿ. ಬಿಟ್ಟು ಬೇರೇನೂ ಇರುವುದಿಲ್ಲ. ಒಣಗಿದ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಒಂದು ಎಲ್‌ಇಡಿ ಹೋದರೆ ನೀವೇ ಬದಲಾಯಿಸಬಹುದು. ಎಲ್ಲಿ ಏನಿದೆ ಅಂತ ನಿಮಗೇ ಗೊತ್ತಿರುತ್ತದೆ. ಹೈಸ್ಕೂಲು ಓದುವ ಹುಡುಗ ಹುಡುಗಿಯರು ದೊಡ್ಡವರ ಜೊತೆ ಕೂತು ಮಾಡಬಹುದಾದ ಕೆಲಸ ಇದು. ಒಂದು ಭಾನುವಾರ ಬೋರ್ಡಿಗೆ, ಇನ್ನೊಂದು ಭಾನುವಾರ ವೈರಿಂಗಿಗೆ ಅಂತ ಇಟ್ಟುಕೊಳ್ಳಿ. ಹಬ್ಬದ ಹಿಂದಿನ ರಾತ್ರಿ ಮಾತ್ರ ಶುರು ಮಾಡಬೇಡಿ.

ಏನು ಮಾಡುತ್ತಿದ್ದೇವೆ

ಎರಡು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಹಲಗೆ. ಅದರ ಮೇಲೆ ಒಂದರೊಳಗೊಂದು ಮೂರು ಸುತ್ತು ಎಲ್‌ಇಡಿ. ಒಳಗಿನ ಸುತ್ತು ಬಿಳಿ, 24 ಎಲ್‌ಇಡಿ. ನಡುವಿನದು ಕೆಂಪು, 32. ಹೊರಗಿನದು ಹಳದಿ, 40. ಒಟ್ಟು 96. ಒಂದಡಿ ಎತ್ತರದ ಗಣಪತಿಯನ್ನು ಮುಂದೆ ಕೂರಿಸಿದರೆ ತಲೆ ಸರಿಯಾಗಿ ನಡುಮಧ್ಯಕ್ಕೆ ಬರುತ್ತದೆ, ಸುತ್ತಲೂ ಬೆಳಕು ಕಾಣುತ್ತದೆ. ಮೊದಲು ಬಿಳಿ ಹತ್ತುತ್ತದೆ, ಆಮೇಲೆ ಕೆಂಪು, ಆಮೇಲೆ ಹಳದಿ, ಕೊನೆಗೆ ಮೂರೂ ಒಟ್ಟಿಗೆ. ಬೆಳಕು ಒಳಗಿನಿಂದ ಹೊರಗೆ ಹರಡಿದ ಹಾಗೆ ಕಾಣುತ್ತದೆ. ಈ ಓಡುವ ಬೆಳಕು ಬೇಡ, ಸುಮ್ನೆ ಉರಿದರೆ ಸಾಕು ಅನ್ನುವವರು ಕೊನೆಯ ಸರ್ಕ್ಯೂಟ್ ಭಾಗವನ್ನು ಬಿಟ್ಟುಬಿಡಬಹುದು, ಬೋರ್ಡು ಹಾಗೇ ಕೆಲಸ ಮಾಡುತ್ತದೆ.

ಸಾಮಾನು

5 ಮಿ.ಮೀ. ಗಾತ್ರದ ಗುಂಡು ಎಲ್‌ಇಡಿ ತನ್ನಿ. ಲೆಕ್ಕಕ್ಕಿಂತ ಪ್ರತಿ ಬಣ್ಣದಲ್ಲೂ ಐದಾರು ಜಾಸ್ತಿ ಇರಲಿ. ಒಂದು ಬಣ್ಣದವನ್ನೆಲ್ಲ ಒಂದೇ ಪೊಟ್ಟಣದಿಂದ ತೆಗೆದುಕೊಳ್ಳಿ, ಇಲ್ಲದಿದ್ದರೆ ಒಂದು ಹಳದಿ ನಿಂಬೆ ಬಣ್ಣ, ಇನ್ನೊಂದು ಕಿತ್ತಳೆ ಬಣ್ಣ ಆಗಿ ಸುತ್ತು ಚೆನ್ನಾಗಿ ಕಾಣುವುದಿಲ್ಲ. ಕಾಲು ವ್ಯಾಟ್ ರೆಸಿಸ್ಟರ್‌ಗಳು: 270 ಓಮ್‌ನವು 18, 180 ಓಮ್‌ನವು 8. ಒಂದು 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್, ಅದಕ್ಕೆ ಹೊಂದುವ ಡಿ.ಸಿ. ಸಾಕೆಟ್. 25 ವ್ಯಾಟ್ ಸಾಲ್ಡರಿಂಗ್ ಐರನ್, ಸಾಲ್ಡರ್ ತಂತಿ, ಒಂದು ಕಟ್ಟರ್, ಒಂದು ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್). ಮಲ್ಟಿಮೀಟರ್ ಇಲ್ಲದೆಯೂ ಮಾಡಬಹುದು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅತಿ ಅಗ್ಗದ್ದಾದರೂ ಸರಿ, ಒಂದು ಇರಲಿ.

ಟಿವಿ, ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಇದರಲ್ಲಿ ಕೆಲವು ಸಿಗುತ್ತವೆ. ಐಸಿ (ಸಾಲು ಕಾಲುಗಳಿರುವ ಸಣ್ಣ ಚಿಪ್ಪು), ಡಾಟ್ ಬೋರ್ಡ್ (ಬಿಡಿಭಾಗ ಕೂರಿಸಿ ಸಾಲ್ಡರ್ ಮಾಡುವ ತೂತು ತೂತಿನ ಹಲಗೆ) ಇಂಥವೆಲ್ಲ ಒಂದೇ ಕಡೆ ಬೇಕು ಅಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದೇ ಒಳ್ಳೆಯದು. ಬೆಳಗ್ಗೆ ಬಸ್ ಹತ್ತಿದರೆ ಸಂಜೆಯೊಳಗೆ ವಾಪಸ್ ಬರಬಹುದು. ಪಟ್ಟಿ ಬರೆದುಕೊಂಡು ಹೋಗಿ, ಅಲ್ಲಿ ಹೋಗಿ ಯೋಚಿಸುತ್ತಾ ನಿಂತರೆ ಅಂಗಡಿಯವರಿಗೆ ಪುರುಸೊತ್ತು ಇರುವುದಿಲ್ಲ.

ಅಡಾಪ್ಟರನ್ನು ಹೊಸದಾಗಿ ಕೊಳ್ಳಲೇಬೇಕಂತಿಲ್ಲ. ಹಳೆಯ ಸೆಟ್‌ಟಾಪ್ ಬಾಕ್ಸಿನದೋ ವೈಫೈ ರೂಟರಿನದೋ ಮನೆಯಲ್ಲಿ ಬಿದ್ದಿರುತ್ತದೆ, ಅಲ್ವಾ? ಅದರ ಮೇಲಿನ ಅಕ್ಷರ ಓದಿ. ಔಟ್‌ಪುಟ್ ಅಂತ ಬರೆದಿರುವ ಕಡೆ 12 ವೋಲ್ಟ್ ಡಿ.ಸಿ. ಅಂತಲೇ ಇರಬೇಕು, ಆಂಪಿಯರ್ 0.5ಕ್ಕಿಂತ ಕಡಿಮೆ ಇರಬಾರದು. 2 ಆಂಪಿಯರ್ ಇದ್ದರೆ ಬೋರ್ಡು ಸುಟ್ಟುಹೋಗುತ್ತದೆ ಅಂತ ಹೆದರಬೇಡಿ, ಬೋರ್ಡಿಗೆ ಎಷ್ಟು ಬೇಕೋ ಅಷ್ಟನ್ನೇ ಅದು ಎಳೆದುಕೊಳ್ಳುತ್ತದೆ. ಆದರೆ ಹಳೆಯ ರೇಡಿಯೋಗಳ ಭಾರದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬಳಸಬೇಡಿ. 12 ವೋಲ್ಟ್ ಎ.ಸಿ.ಯನ್ನು ಡಯೋಡ್ ಹಾಕಿ ಕೆಪಾಸಿಟರ್ ಕೊಟ್ಟು ಡಿ.ಸಿ. ಮಾಡಿದರೆ ಲೋಡು ಇಲ್ಲದಾಗ 16 ವೋಲ್ಟ್ ದಾಟುತ್ತದೆ. ನಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಲೆಕ್ಕ: ಇದೊಂದನ್ನು ಹಾರಿಸಬೇಡಿ

ಇದು ಅರ್ಥವಾದರೆ ಮುಂದೆ ನೀವು ಯಾವ ಆಕಾರದ ಬೋರ್ಡು ಬೇಕಾದರೂ ಮಾಡಬಹುದು, ನನ್ನ ಅಳತೆಯೂ ಬೇಕಿಲ್ಲ.

ಎಲ್‌ಇಡಿಗೆ ಒಂದು ಕನಿಷ್ಠ ವೋಲ್ಟೇಜ್ ಬೇಕು. ಅಲ್ಲಿಯ ತನಕ ಅದು ಹೆಚ್ಚುಕಡಿಮೆ ಮುಚ್ಚಿದ ಬಾಗಿಲು. ಅದನ್ನು ದಾಟಿದ ಮೇಲೆ ವೋಲ್ಟೇಜ್ ಸ್ವಲ್ಪ ಏರಿದರೂ ಕರೆಂಟು ದಡಕ್ಕನೆ ಏರುತ್ತದೆ, ತಡೆಯುವವರಿಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಆ ತಡೆಯುವ ಕೆಲಸ ರೆಸಿಸ್ಟರಿನದು. ಕೆಂಪು, ಹಳದಿ ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು. ಬಿಳಿ ಮತ್ತು ನೀಲಿಗೆ 3ರಿಂದ 3.2 ವೋಲ್ಟ್. ಬಿಳಿಗೆ ಜಾಸ್ತಿ ಯಾಕೆ ಅಂದರೆ, ಬಿಳಿ ಎಲ್‌ಇಡಿ ಒಳಗಡೆ ನಿಜವಾಗಿ ನೀಲಿ. ನೀಲಿ ಬೆಳಕು ಕೊಡುವ ಚಿಪ್ಪಿನ ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ನೀಲಿ ಬೆಳಕಿಗೆ ಕೆಂಪಿಗಿಂತ ಜಾಸ್ತಿ ಶಕ್ತಿ ಬೇಕು, ಅದಕ್ಕೇ ವೋಲ್ಟೇಜೂ ಜಾಸ್ತಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ಚೆನ್ನಾಗಿ ಬೆಳಗುವ ನೀಲಿ ಬರಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಆ ಕೆಲಸಕ್ಕೆ ಜಪಾನಿನಲ್ಲಿ ಹುಟ್ಟಿ ಬೆಳೆದ ಅಕಾಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆಯ ಎಲ್‌ಇಡಿ ಬಲ್ಬು, ಮೊಬೈಲಿನ ಟಾರ್ಚು ಎಲ್ಲ ಅದರ ಮಕ್ಕಳೇ.

ಈಗ ಕೂಡಿ ಕಳೆಯೋಣ. ನಾಲ್ಕು ಹಳದಿ ಎಲ್‌ಇಡಿಯನ್ನು ಒಂದರ ಹಿಂದೆ ಒಂದು ಸಾಲಾಗಿ ಸೇರಿಸಿದರೆ 4 ಗುಣಿಸು 2, ಅಂದರೆ 8 ವೋಲ್ಟ್ ಅವಕ್ಕೆ ಹೋಯಿತು. 12ರಲ್ಲಿ 8 ಕಳೆದರೆ 4 ವೋಲ್ಟ್ ಉಳಿಯಿತು. ಈ 4 ವೋಲ್ಟನ್ನು ರೆಸಿಸ್ಟರ್ ತೆಗೆದುಕೊಳ್ಳಬೇಕು. ಈ ಥರದ ಎಲ್‌ಇಡಿಗೆ ಗರಿಷ್ಠ 20 ಮಿಲಿ ಆಂಪಿಯರ್, ನಾವು 15ಕ್ಕೆ ನಿಲ್ಲಿಸೋಣ. ಬೆಳಕಿನಲ್ಲಿ ಕಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಬಾಳಿಕೆ ಮಾತ್ರ ಜಾಸ್ತಿ. 4 ವೋಲ್ಟನ್ನು 0.015 ಆಂಪಿಯರಿನಿಂದ ಭಾಗಿಸಿದರೆ 267 ಓಮ್ ಬರುತ್ತದೆ. ಅಂಗಡಿಯಲ್ಲಿ ಸಿಗುವುದು 270. ಕೆಂಪಿಗೂ ಇದೇ ಲೆಕ್ಕ.

ಬಿಳಿಯಲ್ಲಿ ಮೂರೇ ಹಿಡಿಸುತ್ತವೆ. 3 ಗುಣಿಸು 3.2 ಅಂದರೆ 9.6. ಉಳಿದದ್ದು 2.4 ವೋಲ್ಟ್. 0.015ರಿಂದ ಭಾಗಿಸಿದರೆ 160, ಸಿಗುವುದು 180. ಆಗ ಕರೆಂಟು 13 ಮಿಲಿ ಆಂಪಿಯರ್ ಚಿಲ್ಲರೆ. ಸಾಕು.

ಹೀಗೆ ಹಳದಿಗೆ 10 ಸಾಲು, ಕೆಂಪಿಗೆ 8, ಬಿಳಿಗೆ 8. ಒಟ್ಟು 26 ಸಾಲು. ಎಲ್ಲ ಒಟ್ಟಿಗೆ ಉರಿದಾಗ 0.37 ಆಂಪಿಯರ್ ಸುಮಾರು, ಅಂದರೆ ನಾಲ್ಕೂವರೆ ವ್ಯಾಟ್. ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ ಉರಿಸಿದರೂ ಬೋರ್ಡು ಎಳೆಯುವುದು ಕಾಲು ಯೂನಿಟ್ಟಿನ ಹತ್ತಿರ ಅಷ್ಟೇ.

ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಸಾಲಿನಲ್ಲಿ ಬೇರೆ ಬೇರೆ ಬಣ್ಣ ಸೇರಿಸಬೇಡಿ. ಮತ್ತೆ, ಹತ್ತಾರು ಎಲ್‌ಇಡಿಯನ್ನು ಪಕ್ಕಪಕ್ಕ ಜೋಡಿಸಿ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಕೊಡುವುದನ್ನು ಬಹಳ ಕಡೆ ನೋಡುತ್ತೇವೆ, ಅದು ಬೇಡ. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲೂ ವೋಲ್ಟೇಜ್ ಚೂರು ಹೆಚ್ಚುಕಡಿಮೆ ಇರುತ್ತದೆ, ಕಡಿಮೆ ಇರುವುದು ಜಾಸ್ತಿ ಕರೆಂಟು ನುಂಗಿ ಮೊದಲು ಸಾಯುತ್ತದೆ, ಆಮೇಲೆ ಅದರ ಪಾಲೂ ಉಳಿದವುಗಳ ಮೇಲೆ ಬೀಳುತ್ತದೆ, ಹೀಗೆ ಒಂದೊಂದಾಗಿ ಹೋಗುತ್ತವೆ. ಸಾಲಿಗೊಂದು ರೆಸಿಸ್ಟರ್ ಇರಲೇಬೇಕು.

ಹಲಗೆಗೆ ಗುರುತು, ತೂತು

4 ಮಿ.ಮೀ. ಪ್ಲೈವುಡ್ ಅಥವಾ ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಸನ್‌ಬೋರ್ಡ್. ಅದಕ್ಕಿಂತ ದಪ್ಪ ಬೇಡ. ಎಲ್‌ಇಡಿಯ ಬುಡದಲ್ಲಿ ಒಂದು ಸಣ್ಣ ಅಂಚು ಇರುತ್ತದೆ, ಆ ಅಂಚಿನಿಂದ ತಲೆಯ ತನಕ ಏಳೂವರೆ ಮಿ.ಮೀ. ಅಷ್ಟೇ. ಹಿಂದಿನಿಂದ ತೂರಿಸಿದಾಗ ಅಂಚು ತೂತಿಗೆ ಸಿಕ್ಕಿ ನಿಲ್ಲಬೇಕು, ಗುಂಡು ತಲೆ ಮುಂದೆ ಎರಡು ಮೂರು ಮಿ.ಮೀ. ಚಾಚಿರಬೇಕು. ಹಲಗೆ ದಪ್ಪವಾದರೆ ಎಲ್‌ಇಡಿ ಒಳಗೇ ಹೂತುಹೋಗುತ್ತದೆ, ಪಕ್ಕದಿಂದ ನೋಡುವವರಿಗೆ ಬೆಳಕೇ ಕಾಣುವುದಿಲ್ಲ.

ಮೊದಲು ಹಲಗೆಯ ಮುಂಭಾಗಕ್ಕೆ ಕಪ್ಪು ಬಣ್ಣ ಹೊಡೆದು ಒಣಗಿಸಿ. ಗುರುತು ಹಿಂಭಾಗದಲ್ಲಿ ಮಾಡಿ. ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಮಧ್ಯ ಸಿಗುತ್ತದೆ. ದಾರ ಕಟ್ಟಿ ಸುತ್ತು ಎಳೆಯಲು ಹೋಗಬೇಡಿ, ದಾರ ಹಿಗ್ಗುತ್ತದೆ. ಒಂದು ಉದ್ದನೆಯ ರಟ್ಟಿನ ಪಟ್ಟಿಗೆ ಒಂದು ತುದಿಯಲ್ಲಿ ಮೊಳೆ ಚುಚ್ಚಿ, ಅಲ್ಲಿಂದ 15, 20, 26 ಸೆಂ.ಮೀ. ದೂರದಲ್ಲಿ ಪೆನ್ಸಿಲ್ ತುದಿ ಹಿಡಿಯುವಷ್ಟು ತೂತು ಮಾಡಿ. ಮೊಳೆಯನ್ನು ಮಧ್ಯಕ್ಕೆ ಊರಿ ಪಟ್ಟಿ ತಿರುಗಿಸಿದರೆ ಮೂರು ಸುತ್ತೂ ಸರಿಯಾಗಿ ಬರುತ್ತವೆ.

ಒಳಸುತ್ತಿನಲ್ಲಿ 24 ಅಂದರೆ 15 ಡಿಗ್ರಿಗೊಂದು ಚುಕ್ಕಿ. ಹೊರಸುತ್ತಿನಲ್ಲಿ 40 ಅಂದರೆ 9 ಡಿಗ್ರಿಗೊಂದು. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು. ನಡುವಿನ 32ಕ್ಕೆ 11.25 ಡಿಗ್ರಿ ಬರುತ್ತದೆ, ಅದನ್ನು ಕೋನಮಾಪಕದಲ್ಲಿ ಹಿಡಿಯುವುದು ಕಷ್ಟ. ಅಲ್ಲಿ ಸುತ್ತನ್ನು ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ, ಹೀಗೆ ಐದು ಸಲ ಅರ್ಧ ಮಾಡುತ್ತಾ ಹೋದರೆ 32 ಭಾಗ ಆಗುತ್ತದೆ. 20 ಸೆಂ.ಮೀ. ತ್ರಿಜ್ಯದ ಒಂದು ನ್ಯೂಸ್ ಪೇಪರ್ ಚಕ್ರ ಕತ್ತರಿಸಿ, ಐದು ಸಲ ಮಡಚಿ ಬಿಡಿಸಿ, ಮಡಿಕೆಯ ಗೆರೆಗಳನ್ನು ಹಲಗೆಗೆ ಇಳಿಸಿಕೊಂಡರೆ ಇನ್ನೂ ಸುಲಭ.

ಹೀಗೆ ಮಾಡಿದಾಗ ಮೂರು ಸುತ್ತಿನಲ್ಲೂ ಚುಕ್ಕಿಯಿಂದ ಚುಕ್ಕಿಗೆ 4 ಸೆಂ.ಮೀ. ಹತ್ತಿರ ಬರುತ್ತದೆ. ಇದು ಬೇಕೆಂತಲೇ ಇಟ್ಟ ಅಳತೆ. ಎಲ್‌ಇಡಿಯ ಒಂದೊಂದು ಕಾಲು ಸಾಮಾನ್ಯವಾಗಿ ಎರಡೂವರೆ ಸೆಂ.ಮೀ. ಉದ್ದ ಇರುತ್ತದೆ. ಅಕ್ಕಪಕ್ಕದ ಎರಡು ಎಲ್‌ಇಡಿಯ ಕಾಲುಗಳನ್ನು ಎದುರುಬದುರಾಗಿ ಮಡಚಿದರೆ ಅವು ನಡುವಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಮಧ್ಯೆ ವೈರೇ ಬೇಡ. ಅರ್ಧ ಕೆಲಸ ಉಳಿಯಿತು.

5 ಮಿ.ಮೀ. ಬಿಟ್ಟಿನಿಂದ ತೂತು ಹಾಕಿ. ಹಲಗೆಯ ಕೆಳಗೆ ಒಂದು ಹಳೆಯ ಮರದ ತುಂಡು ಇಟ್ಟುಕೊಂಡರೆ ಮುಂಭಾಗದಲ್ಲಿ ಚಕ್ಕೆ ಏಳುವುದಿಲ್ಲ.

ಎಲ್‌ಇಡಿ ಕೂರಿಸಿ ಸಾಲ್ಡರ್ ಮಾಡುವುದು

ಕೂರಿಸುವ ಮುಂಚೆ ಒಂದೊಂದನ್ನೂ ಪರೀಕ್ಷೆ ಮಾಡಿ. 3 ವೋಲ್ಟಿನ ಬಟನ್ ಸೆಲ್ ಇದ್ದರೆ ಅದನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿದರೆ ಸಾಕು. ಇಲ್ಲದಿದ್ದರೆ ಅಡಾಪ್ಟರಿನ ಪ್ಲಸ್‌ಗೆ 1000 ಓಮ್ ರೆಸಿಸ್ಟರ್ ಒಂದನ್ನು ಸೇರಿಸಿಕೊಂಡು ಮುಟ್ಟಿಸಿ ನೋಡಿ. ಇದರಲ್ಲಿ ಉರಿಯದ್ದನ್ನು ಈಗಲೇ ಪಕ್ಕಕ್ಕಿಡಿ.

ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಕಾಲು ಕತ್ತರಿಸಿದ ಮೇಲೆ ಈ ಗುರುತು ಹೋಗುತ್ತದೆ, ಆಗ ಬುಡದ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಒಂದು ಕಡೆ ಚಪ್ಪಟೆ ಇರುತ್ತದೆ. ಚಪ್ಪಟೆ ಕಡೆಯದು ಮೈನಸ್. ಎಲ್ಲ ಎಲ್‌ಇಡಿಯನ್ನೂ ಒಂದೇ ದಿಕ್ಕಿಗೆ ಕೂರಿಸಿ. ಹಿಂದಿನಿಂದ ನೋಡುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಮೈನಸ್ ಕಾಲು ಇರಲಿ ಅಂತ ಒಂದು ನಿಯಮ ಇಟ್ಟುಕೊಂಡರೆ ಗೊಂದಲ ಇಲ್ಲ. ಬುಡಕ್ಕೆ ಒಂದು ಚೂರು ಗ್ಲೂ ಗನ್ ಅಂಟು ಸಾಕು.

ಈಗ ಹೊರಸುತ್ತಿನ ಮೊದಲ ನಾಲ್ಕು ಹಳದಿ ತೆಗೆದುಕೊಳ್ಳಿ. ಒಂದನೆಯದರ ಮೈನಸ್ ಕಾಲನ್ನು ಎರಡನೆಯದರ ಪ್ಲಸ್ ಕಡೆ ಮಡಚಿ. ಎರಡರ ಮೈನಸ್ ಮೂರರ ಪ್ಲಸ್‌ಗೆ, ಮೂರರ ಮೈನಸ್ ನಾಲ್ಕರ ಪ್ಲಸ್‌ಗೆ. ಒಂದನೆಯದರ ಪ್ಲಸ್ ಮತ್ತು ನಾಲ್ಕನೆಯದರ ಮೈನಸ್ ಖಾಲಿ ಉಳಿಯಬೇಕು. ಆ ಮೈನಸ್‌ಗೆ 270 ಓಮ್ ರೆಸಿಸ್ಟರ್. ಮುಂದಿನ ನಾಲ್ಕರ ಗುಂಪು ಬೇರೆ, ಇವೆರಡು ಗುಂಪಿನ ಕಾಲು ಒಂದಕ್ಕೊಂದು ತಾಗಬಾರದು. ಬಿಳಿಯಲ್ಲಿ ಮೂರು ಮೂರರ ಗುಂಪು, 180 ಓಮ್. ರೆಸಿಸ್ಟರಿನ ಬಣ್ಣದ ಪಟ್ಟಿ ನೆನಪಿರಲಿ: 270ಕ್ಕೆ ಕೆಂಪು, ನೇರಳೆ, ಕಂದು. 180ಕ್ಕೆ ಕಂದು, ಬೂದು, ಕಂದು. ಕೊನೆಯ ಚಿನ್ನದ ಪಟ್ಟಿ ಎರಡರಲ್ಲೂ ಇರುತ್ತದೆ. ರಾತ್ರಿ ಬೆಳಕಿನಲ್ಲಿ ಕಂದು, ಕೆಂಪು, ನೇರಳೆ ಒಂದೇ ಥರ ಕಾಣುತ್ತವೆ, ಅನುಮಾನ ಬಂದರೆ ಮೀಟರಿನಲ್ಲಿ ಅಳೆದುಬಿಡಿ.

ಸಾಲ್ಡರಿಂಗ್ ಹೊಸಬರಿಗೆ ಒಂದು ಮಾತು. ಸಾಲ್ಡರನ್ನು ಐರನ್ ತುದಿಗೆ ಕರಗಿಸಿ ತಂದು ಮೆತ್ತುವುದಲ್ಲ. ಐರನ್ ತುದಿಯಿಂದ ಎರಡು ಕಾಲುಗಳನ್ನೂ ಒಟ್ಟಿಗೆ ಬಿಸಿ ಮಾಡಿ, ಸಾಲ್ಡರ್ ತಂತಿಯನ್ನು ಕಾಲುಗಳಿಗೆ ಮುಟ್ಟಿಸಿ. ಲೋಹ ಸರಿಯಾಗಿ ಬಿಸಿಯಾಗಿದ್ದರೆ ಸಾಲ್ಡರ್ ತಾನೇ ಹರಿದು ಎರಡನ್ನೂ ಅಪ್ಪಿಕೊಳ್ಳುತ್ತದೆ, ಆರಿದ ಮೇಲೆ ಹೊಳೆಯುತ್ತದೆ. ಮಾಸಲು ಉಂಡೆಯಾಗಿ ನಿಂತಿದ್ದರೆ ಅದು ಡ್ರೈ ಸಾಲ್ಡರ್, ಇವತ್ತು ಉರಿದರೂ ನಾಳೆ ಕೈ ಕೊಡುತ್ತದೆ. ಮೂರು ಸೆಕೆಂಡಿಗಿಂತ ಜಾಸ್ತಿ ಐರನ್ ಒತ್ತಿಹಿಡಿದರೆ ಎಲ್‌ಇಡಿ ಹಾಳಾಗುತ್ತದೆ, ಬುಡದಿಂದ ದೂರ, ಕಾಲಿನ ತುದಿಯಲ್ಲೇ ಸಾಲ್ಡರ್ ಮಾಡಿ. ಸಾಮಾನ್ಯ ಸಾಲ್ಡರಿನಲ್ಲಿ ಸೀಸ ಇರುತ್ತದೆ. ಕಿಟಕಿ ತೆಗೆದಿಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಒಂದೊಂದು ಗುಂಪು ಮುಗಿದಾಗಲೂ ಅಲ್ಲೇ 12 ವೋಲ್ಟ್ ಕೊಟ್ಟು ನೋಡಿ. ಪ್ಲಸ್ ಒಂದನೆಯ ಎಲ್‌ಇಡಿಗೆ, ಮೈನಸ್ ರೆಸಿಸ್ಟರಿನ ತುದಿಗೆ. ಉರಿದರೆ ಮುಂದಿನದಕ್ಕೆ ಹೋಗಿ. ಎಲ್ಲ 26 ಮುಗಿಸಿ ಕೊನೆಗೆ ನೋಡೋಣ ಅಂದುಕೊಂಡರೆ ತಪ್ಪು ಹುಡುಕುವುದಕ್ಕೇ ಒಂದು ದಿನ ಹೋಗುತ್ತದೆ.

ಪ್ಲಸ್ ಒಂದು, ಮೈನಸ್ ಮೂರು

ಎಲ್ಲ ಗುಂಪಿನ ಪ್ಲಸ್ ತುದಿಗಳನ್ನು ಕೆಂಪು ವೈರಿನಿಂದ ಒಟ್ಟಿಗೆ ಸೇರಿಸಿ. ಮೂರು ಸುತ್ತಿಗೂ ಪ್ಲಸ್ ಒಂದೇ. ಮೈನಸ್ ಮಾತ್ರ ಸುತ್ತಿಗೊಂದರಂತೆ ಬೇರೆ ಬೇರೆ. ಬಿಳಿ ಸುತ್ತಿನ ಎಂಟು ರೆಸಿಸ್ಟರ್ ತುದಿಗಳಿಗೆ ಒಂದು ವೈರು, ಕೆಂಪು ಸುತ್ತಿಗೆ ಇನ್ನೊಂದು, ಹಳದಿಗೆ ಮತ್ತೊಂದು. ಹೀಗೆ ಹಲಗೆಯಿಂದ ನಾಲ್ಕು ವೈರು ಹೊರಬರುತ್ತವೆ. ನಾಲ್ಕೂ ಬೇರೆ ಬೇರೆ ಬಣ್ಣದ ವೈರಾಗಿರಲಿ.

ಓಡುವ ಬೆಳಕು ಬೇಡ ಅನ್ನುವವರು ಮೂರು ಮೈನಸ್ಸನ್ನೂ ಸೇರಿಸಿ ಅಡಾಪ್ಟರಿನ ಮೈನಸ್‌ಗೆ ಕೊಡಿ. ಕೆಲಸ ಮುಗಿಯಿತು.

ಓಡುವ ಬೆಳಕಿನ ಸರ್ಕ್ಯೂಟ್

ಪ್ರೋಗ್ರಾಂ ಬರೆಯುವ ಚಿಪ್ಪುಗಳಿಂದ ಇದನ್ನು ಇನ್ನೂ ಚೆಂದ ಮಾಡಬಹುದು. ಆದರೆ ಮೊದಲ ಬೋರ್ಡಿಗೆ ಎರಡು ಹಳೆಯ ಐಸಿಗಳೇ ಸರಿ: 555 ಮತ್ತು 4017. 555 ಬಂದು ಐವತ್ತು ವರ್ಷದ ಮೇಲಾಯಿತು, ಈಗಲೂ ಕೆಲವೇ ರೂಪಾಯಿಗೆ ಸಿಗುತ್ತದೆ. ಅದು ತಾಳ ಹಾಕುತ್ತದೆ, 4017 ಆ ತಾಳ ಎಣಿಸುತ್ತಾ ಒಂದೊಂದು ಕಾಲಿಗೆ ಸರದಿಯಂತೆ ವೋಲ್ಟೇಜ್ ಕೊಡುತ್ತದೆ. ಎರಡೂ 12 ವೋಲ್ಟಿನಲ್ಲಿ ನೇರವಾಗಿ ನಡೆಯುತ್ತವೆ.

ಇವಕ್ಕೆ ಬೇಕಾದದ್ದು: ಮೂರು ಬಿಸಿ 337 ಟ್ರಾನ್ಸಿಸ್ಟರ್, ಆರು 1ಎನ್ 4148 ಡಯೋಡ್, ಮೂರು 3.3 ಕಿಲೋ ಓಮ್, ಐದು 10 ಕಿಲೋ ಓಮ್ ರೆಸಿಸ್ಟರ್, 100 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್ ಒಂದು, 10 ಮೈಕ್ರೋಫ್ಯಾರಡ್ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ತಲಾ ಒಂದು, ಎರಡೂ 25 ವೋಲ್ಟಿನವು, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಒಂದು, 0.01 ಒಂದು. ಐಸಿಗಳಿಗೆ ಬೇಸ್ (ಐಸಿ ಸಿಕ್ಕಿಸುವ ಸಾಕೆಟ್) ತನ್ನಿ, ಐಸಿಯನ್ನು ನೇರ ಸಾಲ್ಡರ್ ಮಾಡಬೇಡಿ. ಒಂದು ಸಣ್ಣ ಡಾಟ್ ಬೋರ್ಡ್.

555ರಲ್ಲಿ 1ನೇ ಕಾಲು ಮೈನಸ್‌ಗೆ. 8 ಮತ್ತು 4 ಎರಡೂ ಪ್ಲಸ್‌ಗೆ. 8 ಮತ್ತು 7ರ ನಡುವೆ ಒಂದು 10 ಕಿಲೋ ಓಮ್. 7 ಮತ್ತು 6ರ ನಡುವೆ ಇನ್ನೊಂದು 10 ಕಿಲೋ ಓಮ್ ಮತ್ತು ವಾಲ್ಯೂಮ್ ಕಂಟ್ರೋಲ್, ಒಂದರ ಹಿಂದೆ ಒಂದು. 6 ಮತ್ತು 2ನ್ನು ಸೇರಿಸಿ. 2ರಿಂದ ಮೈನಸ್‌ಗೆ 10 ಮೈಕ್ರೋಫ್ಯಾರಡ್, ಅದರ ಪ್ಲಸ್ ಕಾಲು 2ರ ಕಡೆಗೆ. 5ರಿಂದ ಮೈನಸ್‌ಗೆ 0.01. ತಾಳ 3ನೇ ಕಾಲಿನಲ್ಲಿ ಹೊರಬರುತ್ತದೆ. ಕಂಟ್ರೋಲ್ ತಿರುಗಿಸಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಐದು ತಾಳದಿಂದ ಒಂದೂವರೆ ಸೆಕೆಂಡಿಗೆ ಒಂದು ತಾಳದವರೆಗೆ ನಿಧಾನ ಮಾಡಬಹುದು. ದೇವರ ಹಿಂದೆ ನಿಧಾನವೇ ಚೆಂದ. ಪಟಪಟ ಅಂತ ಬಡಿಯುವ ಬೆಳಕಿನ ಮುಂದೆ ಕೂತು ಪೂಜೆ ಮಾಡುವುದು ಕಣ್ಣಿಗೆ ಹಿಂಸೆ.

4017ರಲ್ಲಿ 16 ಪ್ಲಸ್‌ಗೆ, 8 ಮತ್ತು 13 ಮೈನಸ್‌ಗೆ. 555ರ 3ನೇ ಕಾಲಿನಿಂದ 14ಕ್ಕೆ ಒಂದು ವೈರು. ಇದರ ಸರದಿ 3, 2, 4, 7, 10 ಅಂತ ಹೋಗುತ್ತದೆ, ಕಾಲುಗಳ ನಂಬರು ಕ್ರಮವಾಗಿಲ್ಲ ಅನ್ನುವುದನ್ನು ಗಮನಿಸಿ. 10ನೇ ಕಾಲನ್ನು 15ಕ್ಕೆ ಸೇರಿಸಿದರೆ ನಾಲ್ಕು ಹೆಜ್ಜೆ ಆದ ಕೂಡಲೇ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. 3ರಿಂದ ಒಂದು ಡಯೋಡ್ ಬಿಳಿಗೆ. 2ರಿಂದ ಒಂದು ಕೆಂಪಿಗೆ. 4ರಿಂದ ಒಂದು ಹಳದಿಗೆ. 7ರಿಂದ ಮೂರು ಡಯೋಡ್, ಮೂರೂ ಬಣ್ಣಕ್ಕೆ ಒಂದೊಂದು. ಹೀಗಾಗಿ ನಾಲ್ಕನೆಯ ಹೆಜ್ಜೆಯಲ್ಲಿ ಮೂರು ಸುತ್ತೂ ಹತ್ತುತ್ತವೆ, ಡಯೋಡ್ ಇರುವುದರಿಂದ ಒಂದರ ವೋಲ್ಟೇಜ್ ಇನ್ನೊಂದಕ್ಕೆ ನುಗ್ಗುವುದಿಲ್ಲ. ಡಯೋಡಿನ ಕಪ್ಪು ಪಟ್ಟಿ ಐಸಿಯಿಂದ ಆಚೆ ಕಡೆಗಿರಲಿ.

ಐಸಿಗೆ ಇಡೀ ಸುತ್ತನ್ನು ಉರಿಸುವ ಶಕ್ತಿ ಇಲ್ಲ. ಅದಕ್ಕೇ ಟ್ರಾನ್ಸಿಸ್ಟರ್. ಬಿಸಿ 337ರ ಚಪ್ಪಟೆ ಮುಖವನ್ನು ನಿಮ್ಮ ಕಡೆ ಹಿಡಿದು ಕಾಲು ಕೆಳಗೆ ಮಾಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಒಂದೊಂದು ಬಣ್ಣಕ್ಕೆ ಒಂದು. ಆ ಬಣ್ಣದ ಎರಡು ಡಯೋಡುಗಳ ಪಟ್ಟಿ ಕಡೆಯ ಕಾಲು ಸೇರಿಸಿ, 3.3 ಕಿಲೋ ಓಮ್ ಮೂಲಕ ಬೇಸಿಗೆ ಕೊಡಿ. ಬೇಸಿನಿಂದ ಮೈನಸ್‌ಗೆ 10 ಕಿಲೋ ಓಮ್. ಎಮಿಟರ್ ಮೈನಸ್‌ಗೆ. ಕಲೆಕ್ಟರಿಗೆ ಆ ಸುತ್ತಿನ ಮೈನಸ್ ವೈರು. ಬಿಸಿ 547 ಹಾಕಿದರೂ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳಬಹುದು. ಬೇಡ, ಅದರ ಮಿತಿ 100 ಮಿಲಿ ಆಂಪಿಯರ್, ನಮ್ಮ ಹಳದಿ ಸುತ್ತೊಂದೇ 148 ಎಳೆಯುತ್ತದೆ.

ಕೊನೆಗೆ 100 ಮೈಕ್ರೋಫ್ಯಾರಡನ್ನು ಪ್ಲಸ್ ಮೈನಸ್ ನಡುವೆ ಅಡಾಪ್ಟರ್ ವೈರು ಬರುವ ಕಡೆ ಹಾಕಿ, 0.1ನ್ನು 4017ರ 16 ಮತ್ತು 8ರ ಹತ್ತಿರವೇ ಹಾಕಿ. ಇವೆರಡು ಇಲ್ಲದಿದ್ದರೆ 4017 ಎಣಿಕೆ ತಪ್ಪಿ ಹೆಜ್ಜೆ ಹಾರಿಸುತ್ತದೆ.

ಐಸಿ ಸಿಕ್ಕಿಸುವ ಮುಂಚೆ ಐಸಿ ಬೇಸಿನ ಕಾಲುಗಳಲ್ಲಿ ವೋಲ್ಟೇಜ್ ನೋಡಿ. 555ರ 8 ಮತ್ತು 1ರ ನಡುವೆ, 4017ರ 16 ಮತ್ತು 8ರ ನಡುವೆ 12 ಬರಬೇಕು. ಬಂದರೆ ಕರೆಂಟು ತೆಗೆದು ಐಸಿ ಸಿಕ್ಕಿಸಿ.

ಉರಿಯದಿದ್ದರೆ

ಒಂದು ಗುಂಪು ಮಾತ್ರ ಕತ್ತಲೆ ಅಂದರೆ ಅದರಲ್ಲಿ ಒಂದು ಎಲ್‌ಇಡಿ ತಿರುಗುಮುರುಗು ಇದೆ, ಸತ್ತಿದೆ, ಇಲ್ಲವೇ ಡ್ರೈ ಸಾಲ್ಡರ್. ಬೋರ್ಡಿಗೆ ನೇರ 12 ವೋಲ್ಟ್ ಕೊಟ್ಟು, ಮೀಟರನ್ನು ಡಿ.ಸಿ. ವೋಲ್ಟಿಗೆ ಇಟ್ಟು ಆ ಗುಂಪಿನ ಒಂದೊಂದು ಎಲ್‌ಇಡಿಯ ಎರಡು ಕಾಲುಗಳ ನಡುವೆ ಅಳೆಯಿರಿ. ಯಾವುದರಲ್ಲಿ ಉಳಿದವುಗಳಿಗಿಂತ ತುಂಬಾ ಜಾಸ್ತಿ ತೋರಿಸುತ್ತದೋ ಅದೇ ಕಳ್ಳ. ಇಡೀ ಸುತ್ತು ಕತ್ತಲೆ ಅಂದರೆ ಟ್ರಾನ್ಸಿಸ್ಟರ್ ತಿರುಗಿ ಕೂತಿದೆಯಾ ನೋಡಿ. ಮೂರೂ ಸುತ್ತು ಓಡದೆ ಒಂದೇ ಕಡೆ ನಿಂತರೆ 555ರ 3ನೇ ಕಾಲಿನಲ್ಲಿ ವೋಲ್ಟೇಜ್ ಏರಿಳಿಯುತ್ತಿದೆಯಾ ಪರೀಕ್ಷಿಸಿ. ಅಡಾಪ್ಟರ್ ಟಿಕ್ ಟಿಕ್ ಅನ್ನುತ್ತಾ ಆನ್ ಆಫ್ ಆಗುತ್ತಿದ್ದರೆ ಎಲ್ಲೋ ಪ್ಲಸ್ ಮೈನಸ್ ತಾಗಿದೆ, ತಕ್ಷಣ ಪ್ಲಗ್ ಕೀಳಿ.

ಎಲ್ಲಿಡುವುದು, ಹೇಗಿಡುವುದು

ಬೋರ್ಡಿನ ಹಿಂಭಾಗಕ್ಕೆ ಒಂದು ರಟ್ಟು ಅಥವಾ ತೆಳು ಹಲಗೆ ಮುಚ್ಚಿ, ಕುಂಕುಮ, ಹೂವಿನ ನೀರು, ಸಾಂಬ್ರಾಣಿ ಮಸಿ ಒಳಗೆ ಹೋಗಬಾರದು. ಮಂಗಳಾರತಿ ತಟ್ಟೆ ಬೋರ್ಡಿನಿಂದ ಒಂದಡಿಯಾದರೂ ದೂರ ಇರಲಿ. ಸನ್‌ಬೋರ್ಡ್ ಆದರೆ ಇನ್ನೂ ಜೋಕೆ, ಅದು ಪ್ಲಾಸ್ಟಿಕ್ಕು.

ಅಡಾಪ್ಟರ್ ಮಾತ್ರ 230 ವೋಲ್ಟಿನದು ಅನ್ನುವುದನ್ನು ಮರೆಯಬೇಡಿ. ಅದು ಗೋಡೆಯ ಪ್ಲಗ್ಗಿನಲ್ಲೇ ಇರಲಿ, ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಬೇಡ. ಭಾದ್ರಪದದಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ. ಬೀದಿಯಲ್ಲಿ ಪೆಂಡಾಲ್ ಹಾಕಿದ್ದರೆ ಅಡಾಪ್ಟರನ್ನು ಪಕ್ಕದ ಮನೆಯೊಳಗೇ ಇಟ್ಟು 12 ವೋಲ್ಟ್ ವೈರನ್ನು ಹೊರಗೆ ಎಳೆಯಿರಿ. ಇಲ್ಲಿ ವೈರಿನ ದಪ್ಪ ಮುಖ್ಯ. ವೋಲ್ಟೇಜ್ ಕಡಿಮೆ ಇದ್ದಷ್ಟೂ ಅದೇ ವ್ಯಾಟಿಗೆ ಕರೆಂಟು ಜಾಸ್ತಿ ಹರಿಯಬೇಕು, ದಾರಿಯಲ್ಲಿ ನಷ್ಟವೂ ಜಾಸ್ತಿ. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟು ತಂದಾಗ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸಿ ತಂದದ್ದು ಇದೇ ಕಾರಣಕ್ಕೆ. ನಮ್ಮದು 12 ವೋಲ್ಟ್, ದೂರ ಹತ್ತು ಮೀಟರ್. 0.75 ಚದರ ಮಿ.ಮೀ. ವೈರು ಹಾಕಿದರೆ ನಷ್ಟ 0.2 ವೋಲ್ಟಿನೊಳಗೇ ಇರುತ್ತದೆ. ತೆಳು ವೈರಾದರೆ ಅರ್ಧ ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಹೋಗಿ ಬಿಳಿ ಸುತ್ತು ಮಂಕಾಗುತ್ತದೆ.

ಪೆಂಡಾಲಿನ ದೊಡ್ಡ ಲೈಟುಗಳಿಗೆ ಬೆಸ್ಕಾಂನಿಂದ ತಾತ್ಕಾಲಿಕ ಕನೆಕ್ಷನ್ ತೆಗೆದುಕೊಳ್ಳಿ. ಕಂಬಕ್ಕೆ ಕೊಕ್ಕೆ ಹಾಕುವ ಹುಡುಗರನ್ನು ದಯವಿಟ್ಟು ತಡೆಯಿರಿ.

ಕರೆಂಟು ಹೋದಾಗಲೂ ಉರಿಯಬೇಕು ಅಂದರೆ ಯುಪಿಎಸ್‌ನಲ್ಲಿರುವಂಥ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಚೆನ್ನಾಗಿದ್ದರೆ ಒಂದು ಇಡೀ ರಾತ್ರಿ ಸಾಕು. ಬ್ಯಾಟರಿಯ ಪ್ಲಸ್ ವೈರಿನಲ್ಲಿ 1 ಆಂಪಿಯರ್ ಫ್ಯೂಸ್ ಹಾಕಲೇಬೇಕು. ಅಡಾಪ್ಟರ್ ಶಾರ್ಟ್ ಆದರೆ ತಾನೇ ಆಫ್ ಆಗುತ್ತದೆ, ಬ್ಯಾಟರಿ ಹಾಗಲ್ಲ, ವೈರು ಕೆಂಪಗಾಗಿ ಹತ್ತಿಕೊಳ್ಳುವ ತನಕ ಕೊಡುತ್ತಲೇ ಇರುತ್ತದೆ. ಚಾರ್ಜ್ ಆಗುತ್ತಿರುವಾಗ ಬ್ಯಾಟರಿ 14 ವೋಲ್ಟ್ ಮುಟ್ಟುತ್ತದೆ, ಆ ಹೊತ್ತಿನಲ್ಲಿ ಬೋರ್ಡು ಸೇರಿಸಬೇಡಿ.

ವಿಸರ್ಜನೆಯ ದಿನ ಮೂರ್ತಿ ಎತ್ತುವ ಮುಂಚೆಯೇ ಬೋರ್ಡು ಬಿಚ್ಚಿ ಒಳಗಿಡಿ, ಆ ಗಡಿಬಿಡಿಯಲ್ಲೇ ವೈರು ಕಿತ್ತುಹೋಗುವುದು. ಒಣ ಬಟ್ಟೆಯಲ್ಲಿ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ನಿಲ್ಲಿಸಿ ಇಡಿ. ಹಿಂದಿನ ಮುಚ್ಚಳದ ಒಳಗಡೆ ಮಾರ್ಕರಿನಲ್ಲಿ ಯಾವ ಬಣ್ಣದ ವೈರು ಯಾವ ಸುತ್ತಿಗೆ, ಎಷ್ಟು ಓಮ್ ರೆಸಿಸ್ಟರ್ ಅಂತ ಬರೆದು, ಉಳಿದ ಎಲ್‌ಇಡಿಗಳ ಪೊಟ್ಟಣವನ್ನೂ ಅಲ್ಲೇ ಟೇಪಿನಲ್ಲಿ ಅಂಟಿಸಿಬಿಡಿ. ದೀಪಾವಳಿಗೆ ಮತ್ತೆ ತೆಗೆದಾಗ ಬೇಕಾಗುತ್ತದೆ.